507 ಗೆರೆಗಳ ಆಯುಷ್ಯ



ಚರಿತ್ರೆಯೆಂದರೆ ಅರಸರ ವಂಶಾವಳಿ ಮತ್ತು ಯುದ್ಧಗಳ ಇಸವಿ ಎಂದು ತಿಳಿದು ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದವರು ನಿಮ್ಮಲ್ಲಿ ಕೆಲವರಿದ್ದೀರಿ. ಹೆಸರು ಹೇಳುವುದಿಲ್ಲ, ಈಗ ನೀವೇ ನಿಮ್ಮ ಮಕ್ಕಳಿಗೆ ಬುದ್ಧಿ ಹೇಳುವ ವಯಸ್ಸಿಗೆ ಬಂದಿದ್ದೀರಿ. ಎಂಟನೆಯ ತರಗತಿಯ ಮೊದಲ ಪಾಠ ಮಾತ್ರ ಎಲ್ಲರಿಗೂ ನೆನಪಿರಬಹುದು: ಚರಿತ್ರೆಯ ಆಧಾರಗಳು. ಶಾಸನ, ನಾಣ್ಯ, ಸ್ಮಾರಕ, ಪ್ರವಾಸಿಗರ ಬರಹ, ಮೌಖಿಕ ಪರಂಪರೆ ಎಂದು ಬೆರಳು ಮಡಚಿ ಹೇಳಿಸುತ್ತಿದ್ದೆ. ಆ ಪಟ್ಟಿಗೆ ಇಂದು ಇನ್ನೊಂದನ್ನು ಸೇರಿಸಬೇಕೆಂದಿದ್ದೇನೆ. ಅದು ಒಂದು ಕಪ್ಪೆಚಿಪ್ಪು. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು. ಹುಟ್ಟಿದ್ದು ಕ್ರಿ.ಶ. 1499ರಲ್ಲಿ, ಸತ್ತದ್ದು 2006ರಲ್ಲಿ. ಅಂದರೆ 507 ವರ್ಷಗಳ ಬಾಳು.

ಇದು ಪುರಾಣದ ಲೆಕ್ಕವಲ್ಲ. ಒಂದೊಂದು ವರ್ಷವನ್ನೂ ಸೂಕ್ಷ್ಮದರ್ಶಕದ ಕೆಳಗೆ ಎಣಿಸಿ, ಬೇರೆ ಚಿಪ್ಪುಗಳೊಡನೆ ತಾಳೆ ನೋಡಿ, ವಿಕಿರಣ ಇಂಗಾಲದ ಪರೀಕ್ಷೆಯಿಂದ ದೃಢಪಡಿಸಿಕೊಂಡ ಲೆಕ್ಕ. ಒಂಟಿ ದೇಹದಿಂದ ಬಾಳುವ ಪ್ರಾಣಿಗಳ ಪೈಕಿ, ವಯಸ್ಸನ್ನು ವರ್ಷವರ್ಷವಾಗಿ ಖಚಿತವಾಗಿ ಎಣಿಸಿದವುಗಳಲ್ಲಿ ಇದೇ ಅತಿ ದೀರ್ಘವಾದದ್ದು. (ಹವಳದಂತೆ ಗುಂಪುಗೂಡಿ ಬೆಳೆಯುವ ಜೀವಿಗಳ ಲೆಕ್ಕವೇ ಬೇರೆ; ಅಲ್ಲಿ ಸಾವಿರಾರು ವರ್ಷಗಳ ಮಾತು ಬರುತ್ತದೆ.)

ಮೊದಲು ಈ ಜೀವಿಯ ಪರಿಚಯ ಮಾಡಿಕೊಡುತ್ತೇನೆ. ಇದರ ಶಾಸ್ತ್ರೀಯ ನಾಮ ಆರ್ಕ್ಟಿಕಾ ಐಲ್ಯಾಂಡಿಕಾ. ಸಸ್ಯ, ಪ್ರಾಣಿಗಳಿಗೆಲ್ಲ ಎರಡೆರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಸ್ವೀಡನ್ನಿನ ಲಿನೇಯಸ್ 1767ರಲ್ಲಿ ಇದನ್ನು ವರ್ಣಿಸಿದನು. ಅಮೆರಿಕದವರು ಇದನ್ನು ಓಷನ್ ಕ್ವಾಹಾಗ್ ಎನ್ನುತ್ತಾರೆ. ಉತ್ತರ ಅಟ್ಲಾಂಟಿಕ್ ಸಾಗರದ ಎರಡೂ ದಡಗಳ ತಣ್ಣೀರಿನಲ್ಲಿ ಇದರ ವಾಸ. ಕಡಲ ತಳದ ಮರಳಿನಲ್ಲೋ ಕೆಸರಿನಲ್ಲೋ ಹುದುಗಿಕೊಂಡು, ನೀರನ್ನು ಒಳಗೆಳೆದು, ಅದರಲ್ಲಿ ತೇಲಿಬರುವ ಕಣ್ಣಿಗೆ ಕಾಣದ ಸಸ್ಯಕಣಗಳನ್ನು ಸೋಸಿ ತಿನ್ನುವುದು, ಮಿಕ್ಕ ನೀರನ್ನು ಹೊರಬಿಡುವುದು. ಇಷ್ಟೇ ಇದರ ದಿನಚರಿ. ಎಳೆಯದರಲ್ಲಿ ಕಂದು ಬಣ್ಣದ್ದಾಗಿದ್ದು ವಯಸ್ಸಾದಂತೆ ಚಿಪ್ಪಿನ ಮೇಲ್ಪೊರೆ ಕಪ್ಪಾಗುತ್ತದೆ. ನಮಗೆ ಕೂದಲು ಬೆಳ್ಳಗಾದರೆ, ಇದಕ್ಕೆ ಮೈಯೇ ಕಪ್ಪಾಗುತ್ತದೆ ಎನ್ನಿ.

2006ರಲ್ಲಿ ವೇಲ್ಸ್ ದೇಶದ ಬ್ಯಾಂಗರ್ ವಿಶ್ವವಿದ್ಯಾಲಯದ ಸಾಗರ ವಿಜ್ಞಾನಿಗಳು ಐಸ್‌ಲ್ಯಾಂಡಿನ ಉತ್ತರಕ್ಕಿರುವ ಗ್ರಿಮ್ಸೆ ಎಂಬ ಪುಟ್ಟ ದ್ವೀಪದ ಸಮೀಪ, ಸುಮಾರು 80 ಮೀಟರ್ ಆಳದಿಂದ, ಈ ಜಾತಿಯ ಚಿಪ್ಪುಗಳನ್ನು ಬಾಚಿ ತೆಗೆದರು. ಕೆಲವು ಸತ್ತ ಖಾಲಿ ಚಿಪ್ಪುಗಳು, ಕೆಲವು ಜೀವಂತ. ಸಮುದ್ರದ ಹಳೆಯ ಹವಾಮಾನವನ್ನು ತಿಳಿಯುವುದು ಅವರ ಉದ್ದೇಶವಾಗಿತ್ತೇ ಹೊರತು ದಾಖಲೆ ಮುರಿಯುವುದಾಗಿರಲಿಲ್ಲ. ವಾಡಿಕೆಯಂತೆ ಜೀವಂತವಾದವುಗಳನ್ನು ಹಡಗಿನಲ್ಲೇ ಶೈತ್ಯೀಕರಿಸಿದರು. ಅವುಗಳಲ್ಲೊಂದು ನಮ್ಮ ಕಥಾನಾಯಕ. ಮರುವರ್ಷ ಅದರ ಪ್ರಾಯ ಸುಮಾರು 405 ಎಂದು ಪ್ರಕಟವಾದಾಗ ಇಂಗ್ಲೆಂಡಿನ ಪತ್ರಿಕೆಯವರು ಅದಕ್ಕೆ 'ಮಿಂಗ್' ಎಂದು ನಾಮಕರಣ ಮಾಡಿದರು. ಅದು ಹುಟ್ಟಿದಾಗ ಚೀನಾವನ್ನು ಮಿಂಗ್ ವಂಶ ಆಳುತ್ತಿತ್ತಲ್ಲ, ಅದಕ್ಕೆ. ಐಸ್‌ಲ್ಯಾಂಡಿನವರು ಇಟ್ಟ ಹೆಸರು ಇನ್ನೂ ಸೊಗಸಾಗಿದೆ: 'ಹಾವ್ರೂನ್'. ಕಡಲಿನ ರಹಸ್ಯ ಎಂದು ಅದರ ಅರ್ಥ.

ಇಸವಿಗಳನ್ನು ಉರು ಹೊಡೆಸಿದ ಮೇಷ್ಟರ ಚಪಲವನ್ನು ಸ್ವಲ್ಪ ಸಹಿಸಿಕೊಳ್ಳಿ. 1499ರಲ್ಲಿ ವಾಸ್ಕೋ ಡ ಗಾಮನು ಕಲ್ಲಿಕೋಟೆಯ ಯಾತ್ರೆ ಮುಗಿಸಿ ಲಿಸ್ಬನ್ನಿಗೆ ಮರಳಿದನು. ಕೋಪರ್ನಿಕಸ್ ಆಗ ಇಟಲಿಯಲ್ಲಿ ಓದುತ್ತಿದ್ದ ತರುಣ. ಭೂಮಿಯೇ ಸೂರ್ಯನನ್ನು ಸುತ್ತುತ್ತದೆಂದು ಸಾರಿದ ಅವನ ಗ್ರಂಥ 1543ರಲ್ಲಿ ಅಚ್ಚಾದಾಗ ಈ ಚಿಪ್ಪಿಗೆ 44 ವರ್ಷ. ಕೃಷ್ಣದೇವರಾಯನು ಪಟ್ಟಕ್ಕೆ ಬಂದ 1509ರಲ್ಲಿ ಇದು ಹತ್ತು ವರ್ಷದ ಮರಿ. ಲಿನೇಯಸ್ ಇದರ ಜಾತಿಗೆ ಹೆಸರಿಟ್ಟಾಗ ಇದಕ್ಕಾಗಲೇ 268 ತುಂಬಿತ್ತು. ನಾಮಕರಣದ ಹೊತ್ತಿಗೇ ಮುತ್ತಜ್ಜನ ಮುತ್ತಜ್ಜನಾಗಿತ್ತು!

ಆದರೆ ಇದು ಬಾಳಿದ ಊರು ಐಸ್‌ಲ್ಯಾಂಡ್. ಅಲ್ಲಿನ ಚರಿತ್ರೆಯನ್ನೇ ಇದರ ಆಯುಷ್ಯದೊಡನೆ ಹೊಂದಿಸಿ ನೋಡುವುದು ನ್ಯಾಯ. ಇದು ಹುಟ್ಟಿದಾಗ ಐಸ್‌ಲ್ಯಾಂಡ್ ಡೆನ್ಮಾರ್ಕಿನ ದೊರೆಯ ಕೈಕೆಳಗಿದ್ದ ಕ್ಯಾಥೊಲಿಕ್ ನಾಡು. 1550ರಲ್ಲಿ ಅಲ್ಲಿನ ಕೊನೆಯ ಕ್ಯಾಥೊಲಿಕ್ ಬಿಷಪ್ ಯೋನ್ ಅರಸೋನನ ಶಿರಚ್ಛೇದವಾಗಿ, ಮತಸುಧಾರಣೆ ಪೂರ್ಣಗೊಂಡಿತು. 1602ರಲ್ಲಿ ಡೆನ್ಮಾರ್ಕ್ ಆ ದ್ವೀಪದ ವ್ಯಾಪಾರವನ್ನೆಲ್ಲ ತನ್ನ ಏಕಸ್ವಾಮ್ಯಕ್ಕೆ ತೆಗೆದುಕೊಂಡಿತು. ಒಂದು ಮೀನು ಮಾರಬೇಕಿದ್ದರೂ ಡೇನ್ ವರ್ತಕನಿಗೇ ಮಾರಬೇಕು. 1786ರವರೆಗೆ ಇದೇ ಸ್ಥಿತಿ. 1783ರಲ್ಲಿ ಲಾಕಿ ಎಂಬ ಜ್ವಾಲಾಮುಖಿ ಬಿರುಕು ಬಾಯ್ದೆರೆದು ಎಂಟು ತಿಂಗಳು ಲಾವಾ ಮತ್ತು ವಿಷಾನಿಲಗಳನ್ನು ಕಾರಿತು. ಹುಲ್ಲು ವಿಷವಾಯಿತು, ದನಕುರಿಗಳು ಸತ್ತವು, ಬಳಿಕ ಬಂದ ಕ್ಷಾಮದಲ್ಲಿ ನಾಡಿನ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗ ಅಳಿಯಿತು. ನೀರಿನಾಳದಲ್ಲಿ ಈ ಚಿಪ್ಪು ಆಗ ತನ್ನ 284ನೆಯ ಗೆರೆಯನ್ನು ಬರೆದುಕೊಳ್ಳುತ್ತಿತ್ತು. 1944ರ ಜೂನ್ 17ರಂದು ಐಸ್‌ಲ್ಯಾಂಡ್ ಗಣರಾಜ್ಯವಾಯಿತು. ಒಂದು ಜನಾಂಗ ದಾಸ್ಯಕ್ಕೆ ಸಿಕ್ಕಿ, ಹಸಿದು, ಕುಗ್ಗಿ, ಮತ್ತೆ ಎದ್ದುನಿಂತ ಇಡೀ ಕಥೆ ಒಂದೇ ಜೀವದ ಬಾಳಿನೊಳಗೆ ಅಡಗಿದೆ.

ಇಲ್ಲಿ ಒಬ್ಬ ಒಳ್ಳೆಯ ವಿದ್ಯಾರ್ಥಿ ಎದ್ದುನಿಂತು ಕೇಳಬೇಕು: "ಸರ್, ವಯಸ್ಸು ಹೇಗೆ ಗೊತ್ತಾಯಿತು?"

ಚಿಪ್ಪು ಎಂದರೆ ಸುಣ್ಣವೇ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ನಮ್ಮ ಕರಾವಳಿಯಲ್ಲಿ ಚಿಪ್ಪುಗಳನ್ನು ಸುಟ್ಟು ಸುಣ್ಣ ಮಾಡುತ್ತಿದ್ದುದನ್ನು ಹಿರಿಯರು ಬಲ್ಲರು. ಒಳಗಿನ ಮೃದುವಾದ ಪ್ರಾಣಿ ನೀರಿನಿಂದ ಈ ಸುಣ್ಣವನ್ನು ಪಡೆದು, ಚಿಪ್ಪಿನ ಅಂಚಿಗೆ ಪದರ ಪದರವಾಗಿ ಸೇರಿಸುತ್ತಾ ಹೋಗುತ್ತದೆ. ಆಹಾರ ಸಮೃದ್ಧವಾಗಿರುವ ಕಾಲದಲ್ಲಿ ಪದರ ಅಗಲ. ಬೆಳವಣಿಗೆ ನಿಲ್ಲುವ ಕಾಲದಲ್ಲಿ ಒಂದು ತೆಳುವಾದ ಗೆರೆ. ಹೀಗೆ ವರ್ಷಕ್ಕೊಂದು ಗೆರೆ ಬೀಳುತ್ತದೆ, ಮರದ ಕಾಂಡದ ಉಂಗುರದಂತೆ. ಮೊದಲ ಕೆಲವು ದಶಕಗಳಲ್ಲಿ ಬೆಳವಣಿಗೆ ಚುರುಕು. ಆಮೇಲೆ ಗೆರೆಗಳ ನಡುವಿನ ಅಂತರ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆಯಾಗುತ್ತದೆ. ಬರಿಗಣ್ಣಿಗೆ ಏನೂ ಕಾಣದು. ಚಿಪ್ಪನ್ನು ಉದ್ದಕ್ಕೆ ಕೊಯ್ದು, ಕೊಯ್ದ ಮುಖವನ್ನು ಕನ್ನಡಿಯಂತೆ ಉಜ್ಜಿ, ತೆಳುವಾದ ಆಮ್ಲದಲ್ಲಿ ಕ್ಷಣಕಾಲ ಅದ್ದಿ, ಅದರ ಮೇಲೆ ಅಸಿಟೇಟ್ ಹಾಳೆಯನ್ನು ಒತ್ತಿ ಅಚ್ಚು ತೆಗೆಯುತ್ತಾರೆ. ಶಾಸನಗಳ ಮೇಲೆ ಒದ್ದೆ ಕಾಗದ ಹಾಕಿ ಮಸಿ ಒತ್ತಿ ಪಡಿಯಚ್ಚು ತೆಗೆಯುವುದನ್ನು ನಿಮಗೆ ವಿವರಿಸಿದ್ದೆನಲ್ಲ, ಇದು ಅದರ ತಮ್ಮ.

ಗೆರೆ ವರ್ಷಕ್ಕೊಂದೇ ಎಂಬುದಕ್ಕೆ ಏನು ಆಧಾರ? ಆರು ತಿಂಗಳಿಗೊಂದು ಏಕಿರಬಾರದು? ಈ ಸಂಶಯವನ್ನೂ ವಿಜ್ಞಾನಿಗಳು ಪರಿಹರಿಸಿಕೊಂಡರು. 1978ರಲ್ಲಿ ಅಮೆರಿಕದ ಲಾಂಗ್ ಐಲ್ಯಾಂಡಿನ ಹೊರಗಿನ ಕಡಲಿನಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಚಿಪ್ಪುಗಳ ಅಂಚಿನಲ್ಲಿ ಗುರುತಿನ ಗೀರು ಹಾಕಿ ಮರಳಿ ನೀರಿಗೆ ಬಿಟ್ಟರು. ಮುಂದೆ ಒಂದು ವರ್ಷ, ಎರಡು ವರ್ಷ ಕಳೆದು ಅವುಗಳಲ್ಲಿ ಕೆಲವನ್ನು ಹಿಡಿದು ನೋಡಿದಾಗ, ಗೀರಿನಿಂದಾಚೆಗೆ ಕಳೆದಷ್ಟು ವರ್ಷಕ್ಕೆ ಅಷ್ಟೇ ಗೆರೆಗಳು ಕಂಡವು. ಇನ್ನೊಂದು ಸಾಕ್ಷ್ಯ ಮನುಷ್ಯನ ಪಾಪದಿಂದ ಬಂದಿತು. 1950ರ ದಶಕದಿಂದ 1963ರ ಒಪ್ಪಂದದವರೆಗೆ ದೊಡ್ಡ ರಾಷ್ಟ್ರಗಳು ಬಯಲಿನಲ್ಲಿ ಅಣುಬಾಂಬುಗಳನ್ನು ಸಿಡಿಸಿದವು. ಅದರಿಂದ ವಾಯುಮಂಡಲದಲ್ಲಿ ವಿಕಿರಣ ಇಂಗಾಲ ಒಮ್ಮೆಲೇ ಏರಿತು, ಕ್ರಮೇಣ ಕಡಲಿಗೂ ಇಳಿಯಿತು. ಅಮೆರಿಕದ ಪೂರ್ವ ಕರಾವಳಿಯಾಚೆಯ ಜಾರ್ಜಸ್ ಬ್ಯಾಂಕಿನ ಚಿಪ್ಪುಗಳಲ್ಲಿ ಆ ಏರಿಕೆಯ ಚರಿತ್ರೆ ವರ್ಷವರ್ಷವಾಗಿ ಅಚ್ಚೊತ್ತಿದ್ದುದನ್ನು 1993ರಲ್ಲಿ ಪ್ರಕಟಿಸಿದರು. ಯಾರಿಗೂ ಏನನ್ನೂ ಕೆಡುಕು ಮಾಡದೆ ಮರಳಿನಲ್ಲಿ ಹುದುಗಿದ್ದ ಜೀವಿಯ ಮೈಮೇಲೂ ನಮ್ಮ ಶೀತಲಸಮರದ ಸಹಿ ಬಿದ್ದಿದೆ.

ಎಣಿಕೆಯಲ್ಲಿ ಒಂದು ಗೆರೆ ತಪ್ಪಿದರೂ ಮುಂದಿನ ಇಸವಿಗಳೆಲ್ಲ ತಪ್ಪುತ್ತವೆ. ಇದಕ್ಕೆ ಮದ್ದು ಹುಡುಕಿದವನು ಅಮೆರಿಕದ ಖಗೋಳಜ್ಞ ಎ. ಇ. ಡಗ್ಲಸ್. ಸೂರ್ಯನ ಕಲೆಗಳು ಭೂಮಿಯ ಹವೆಯ ಮೇಲೆ ಪರಿಣಾಮ ಬೀರುತ್ತವೆಯೇ ಎಂದು ತಿಳಿಯಲು ಆತ ಮರಗಳ ಉಂಗುರಗಳ ಮೊರೆಹೊಕ್ಕನು. ಒಂದು ಪ್ರದೇಶದ ಮರಗಳೆಲ್ಲ ಒಂದೇ ಬರ, ಒಂದೇ ಮಳೆಯನ್ನು ಉಂಡಿರುತ್ತವೆ. ಆದ್ದರಿಂದ ಅಗಲ ಮತ್ತು ಕಿರಿದು ಉಂಗುರಗಳ ಸರಣಿ ಎಲ್ಲ ಮರಗಳಲ್ಲೂ ಒಂದೇ ರೀತಿ ಇರುತ್ತದೆ. ಜೀವಂತ ಮರದ ಒಳಗಿನ ಸರಣಿಯನ್ನು ಹಳೆಯ ತೊಲೆಯೊಂದರ ಹೊರಗಿನ ಸರಣಿಗೆ ಹೊಂದಿಸಿದರೆ, ಆ ತೊಲೆ ಎಂದು ಕಡಿದದ್ದೆಂದು ತಿಳಿಯುತ್ತದೆ. ಆ ತೊಲೆಯಿಂದ ಅದಕ್ಕೂ ಹಳೆಯ ತೊಲೆಗೆ. 1929ರಲ್ಲಿ ಅರಿಜೋನಾದ ಶೋ ಲೋ ಎಂಬಲ್ಲಿ ಸಿಕ್ಕಿದ ಸುಟ್ಟುಹೋದ ಒಂದು ತೊಲೆ ಸರಣಿಯ ನಡುವೆ ಉಳಿದಿದ್ದ ಕಂದಕವನ್ನು ಮುಚ್ಚಿತು. ಅಲ್ಲಿಯವರೆಗೆ ಕಾಲ ತಿಳಿಯದೆ ಬಿದ್ದಿದ್ದ ಪ್ಯೂಬ್ಲೊ ಜನರ ಪ್ರಾಚೀನ ವಸತಿಗಳಿಗೆಲ್ಲ ಆ ಒಂದು ಇದ್ದಿಲ ತುಂಡು ಇಸವಿಗಳನ್ನು ಕೊಟ್ಟಿತು. ಮರದ ಈ ವಿದ್ಯೆಯನ್ನೇ ಕಡಲಿನವರು ಚಿಪ್ಪಿಗೆ ಅಳವಡಿಸಿದರು. ಜೀವಂತ ಚಿಪ್ಪಿನ ಗೆರೆಗಳು ಒಂದು ಕೊನೆ. ಅದರೊಡನೆ ಹೊಂದುವ ಸತ್ತ ಚಿಪ್ಪು, ಅದಕ್ಕೆ ಹೊಂದುವ ಇನ್ನೂ ಹಳೆಯ ಚಿಪ್ಪು... ಹೀಗೆ ಸರಪಳಿ.

ಈ ಸರಪಳಿಯಲ್ಲಿ ಕೂರಿಸಿ ನೋಡಿದಾಗಲೇ ಮಿಂಗ್‌ನ ಮೊದಲ ಎಣಿಕೆ ಕಡಿಮೆಯಾಗಿದೆಯೆಂದು ತಿಳಿದದ್ದು. ಮೊದಲು ಎಣಿಸಿದ್ದು ಎರಡು ಚಿಪ್ಪುಗಳು ಕೂಡುವ ಕೀಲಿನ ಭಾಗದಲ್ಲಿ. ಅಲ್ಲಿ ಗೆರೆಗಳು ಭದ್ರವಾಗಿ ಉಳಿದಿರುತ್ತವೆ, ಆದರೆ ಒಂದರ ಮೇಲೊಂದು ಒತ್ತಿಕೊಂಡಿರುತ್ತವೆ. ಹೊರ ಅಂಚಿನ ಭಾಗದಲ್ಲಿ ಮತ್ತೆ ಎಣಿಸಿ, ಬೇರೆ ಚಿಪ್ಪುಗಳ ಸರಣಿಗೆ ಹೊಂದಿಸಿ, ಇಂಗಾಲದ ಪರೀಕ್ಷೆಯಿಂದಲೂ ತಾಳೆ ನೋಡಿ, 2013ರಲ್ಲಿ ಪಾಲ್ ಬಟ್ಲರ್ ಮತ್ತು ಸಂಗಡಿಗರು 507 ಎಂದು ಪ್ರಕಟಿಸಿದರು. ತಾವೇ ಹೇಳಿದ್ದನ್ನು ತಾವೇ ತಿದ್ದಿದರು. ಒಂದು ಶತಮಾನದ ತಿದ್ದುಪಡಿ! ಅದೃಷ್ಟಕ್ಕೆ ಮಿಂಗ್ ಎಂಬ ಹೆಸರನ್ನು ತಿದ್ದಬೇಕಾಗಲಿಲ್ಲ. ಆ ವಂಶ 1368ರಿಂದ 1644ರವರೆಗೆ ಆಳಿತಾದ್ದರಿಂದ ಎರಡು ಲೆಕ್ಕದಲ್ಲೂ ಹುಟ್ಟು ಅದರ ಕಾಲದಲ್ಲೇ ಬರುತ್ತದೆ.

ಈ ಸಂದರ್ಭದಲ್ಲಿ ನಮ್ಮ ಶಾಲೆಗಳ ದಾಖಲಾತಿ ಪುಸ್ತಕದ ನೆನಪಾಗುತ್ತದೆ. ನಾನು ಕೆಲಸಕ್ಕೆ ಸೇರಿದ ಕಾಲದ ಪುಸ್ತಕಗಳನ್ನು ತೆರೆದರೆ ಅರ್ಧಕ್ಕರ್ಧ ಮಕ್ಕಳ ಜನ್ಮದಿನ ಜೂನ್ 1. ಮಗುವನ್ನು ಕೈಹಿಡಿದು ತಂದ ತಂದೆ "ಆ ದೊಡ್ಡ ಮಳೆ ಹೊಡೆದು ಕೆರೆ ಒಡೀತಲ್ಲ ಸ್ವಾಮಿ, ಆಗ ಇವನು ಹೊಟ್ಟೇಲಿದ್ದ" ಎನ್ನುವನು. ಮೇಷ್ಟರು ಮಗುವಿನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟಿಸಿ ನೋಡಿ, ಒಂದು ಇಸವಿಯನ್ನು ಊಹಿಸಿ, ಜೂನ್ 1 ಎಂದು ಬರೆದುಬಿಡುವರು. ಅದೇ ತಾರೀಖಿನ ಮೇಲೆ ಆ ಮಗು ಮುಂದೆ ನೌಕರಿ ಸೇರಿ, ಅದೇ ತಾರೀಖಿಗೆ ನಿವೃತ್ತನೂ ಆಗುವನು. ಆದರೆ ಆ ತಂದೆ ಹೇಳಿದ್ದು ಸುಳ್ಳಲ್ಲ. ಕೆರೆ ಒಡೆದ ವರ್ಷ ಯಾವುದೆಂದು ಇನ್ನೊಂದು ಕಡೆಯಿಂದ ತಿಳಿದರೆ ಮಗುವಿನ ವರ್ಷವೂ ಖಚಿತವಾಗುತ್ತದೆ. ಡಗ್ಲಸನು ತೊಲೆಗಳಲ್ಲಿ ಮಾಡಿದ್ದು, ಬಟ್ಲರ್ ಚಿಪ್ಪುಗಳಲ್ಲಿ ಮಾಡಿದ್ದು ಇದನ್ನೇ. ಒಬ್ಬೊಬ್ಬನ ನೆನಪು ಅಸ್ಪಷ್ಟ. ನಾಲ್ಕು ಜನರ ನೆನಪನ್ನು ಒಂದಕ್ಕೊಂದು ಹೊಂದಿಸಿದರೆ ಚರಿತ್ರೆ.

ಇನ್ನು ಈ ಚಿಪ್ಪುಗಳು ನುಡಿದ ಸಾಕ್ಷ್ಯವೇನೆಂದು ನೋಡೋಣ. ಗ್ರಿಮ್ಸೆಯ ಬಳಿಯ ಸರಪಳಿ ಕ್ರಿ.ಶ. 649ರಿಂದ 2005ರವರೆಗೆ, ಒಟ್ಟು 1357 ವರ್ಷ, ಒಂದು ವರ್ಷವೂ ತಪ್ಪದೆ ಸಾಗುತ್ತದೆ. ಅದು ಪ್ರಾರಂಭವಾಗುವ ಹೊತ್ತಿಗೆ ಐಸ್‌ಲ್ಯಾಂಡಿನಲ್ಲಿ ಮನುಷ್ಯರ ನೆಲೆಯೇ ಇರಲಿಲ್ಲ. ನಾರ್ವೆಯ ಕಡೆಯ ಜನ ಅಲ್ಲಿ ಬಂದು ನೆಲೆಸಿದ್ದು ಒಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಸಮುದ್ರದ ಉಷ್ಣಾಂಶವನ್ನು ಉಪಕರಣಗಳಿಂದ ಕ್ರಮವಾಗಿ ಅಳೆಯತೊಡಗಿದ್ದು ಸುಮಾರು ಒಂದೂವರೆ ಶತಮಾನದಿಂದ ಮಾತ್ರ. ಅದಕ್ಕೂ ಹಿಂದಿನದನ್ನು ಹೇಳಲು ನೀರಿನಡಿಯ ಈ ಸಾಕ್ಷಿಯೇ ಬೇಕು. ಚಿಪ್ಪಿನ ಸುಣ್ಣದಲ್ಲಿ ಸೇರಿರುವ ಆಮ್ಲಜನಕದ ಎರಡು ಬಗೆಯ ಪರಮಾಣುಗಳ ಪ್ರಮಾಣವನ್ನು ಅಳೆದರೆ, ಆ ಪದರ ರೂಪುಗೊಂಡಾಗಿನ ನೀರಿನ ಸ್ವಭಾವ ತಿಳಿಯುತ್ತದೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೀಗೆ ಸಾವಿರ ವರ್ಷಗಳ ಲೆಕ್ಕವನ್ನು ಮುಂದಿಟ್ಟಿತು. ಅದರ ಸಾರ ಗಮನಾರ್ಹ. ಕೈಗಾರಿಕಾ ಕ್ರಾಂತಿಗೆ ಹಿಂದಿನ ಶತಮಾನಗಳಲ್ಲಿ, ಸೂರ್ಯನ ಏರಿಳಿತ ಹಾಗೂ ಜ್ವಾಲಾಮುಖಿಗಳ ಪ್ರಭಾವಕ್ಕೆ ಮೊದಲು ಕಡಲು ಮಣಿಯುತ್ತಿತ್ತು. ಗಾಳಿಯ ಉಷ್ಣತೆ ಅದನ್ನು ಹಿಂಬಾಲಿಸುತ್ತಿತ್ತು. ಕೈಗಾರಿಕಾ ಯುಗದಲ್ಲಿ ಈ ಕ್ರಮ ತಿರುಗುಮುರುಗಾಯಿತು. ಈಗ ಗಾಳಿ ಮುಂದೆ, ಕಡಲು ಹಿಂದೆ. ನಾವು ಹೊಗೆಗೊಳವೆಗಳಿಂದ ವಾಯುಮಂಡಲಕ್ಕೆ ಸೇರಿಸಿದ್ದು ಪ್ರಕೃತಿಯ ಒಂದು ಹಳೆಯ ಪರಿಪಾಠವನ್ನೇ ಬದಲಿಸಿತೆಂದು ಚಿಪ್ಪು ಸಾಕ್ಷಿ ಹೇಳುತ್ತದೆ. ಈ ಸಾಕ್ಷಿಗೆ ಪಕ್ಷವಿಲ್ಲ, ಪ್ರಲೋಭನೆಯಿಲ್ಲ.

ಇನ್ನೊಂದು ಸಾಕ್ಷ್ಯ ನನ್ನ ಮನಸ್ಸನ್ನು ಹೆಚ್ಚು ಕಲಕಿತು. ಉತ್ತರ ಸಮುದ್ರದಲ್ಲಿ ಮೀನು ಹಿಡಿಯುವ ದೊಡ್ಡ ಹಡಗುಗಳು ಭಾರವಾದ ಸರಪಳಿ ಕಟ್ಟಿದ ಬಲೆಗಳನ್ನು ತಳದಲ್ಲಿ ಎಳೆದುಕೊಂಡು ಹೋಗುತ್ತವೆ. ಅದರ ಏಟಿಗೆ ಸಿಕ್ಕಿಯೂ ಬದುಕಿದ ಚಿಪ್ಪು ತನ್ನ ಬಿರುಕನ್ನು ತಾನೇ ಸುಣ್ಣದಿಂದ ಮುಚ್ಚಿಕೊಳ್ಳುತ್ತದೆ. ಗಾಯದ ಕಲೆ ಮಾತ್ರ ಆ ವರ್ಷದ ಪದರದಲ್ಲಿ ಉಳಿಯುತ್ತದೆ. ನೆದರ್‌ಲ್ಯಾಂಡ್ಸಿನ ವಿಟ್‌ಬಾರ್ಡ್ ಮತ್ತು ಕ್ಲೈನ್ ಎಂಬ ಸಂಶೋಧಕರು ಈ ಕಲೆಗಳ ವರ್ಷಗಳನ್ನು ಎಣಿಸಿ 1994ರಲ್ಲಿ ತೋರಿಸಿಕೊಟ್ಟರು: ಹಡಗುಗಳ ಬಲ ಹೆಚ್ಚಿದಂತೆಲ್ಲ ಗಾಯಗಳೂ ಹೆಚ್ಚಿವೆ. ಕಡಲ ತಳದಲ್ಲಿ ಯಾರೂ ನೋಡುವುದಿಲ್ಲವೆಂದು ನಡೆದದ್ದೆಲ್ಲ ಹೀಗೆ ದಾಖಲಾಗಿದೆ.

ವೃದ್ಧಾಪ್ಯದ ವಿಷಯಕ್ಕೆ ಬರೋಣ. ನನ್ನ ವಯಸ್ಸಿನ ಓದುಗರು ಇಷ್ಟು ಹೊತ್ತು ಕಾದಿದ್ದು ಇದಕ್ಕೇ ಎಂದು ಬಲ್ಲೆ! ಬ್ಯಾಂಗರ್ ವಿಜ್ಞಾನಿಗಳ ವಯೋಮಾನ ಸಂಶೋಧನೆಗೆ ನೆರವು ನೀಡಿದವರಲ್ಲಿ ಬ್ರಿಟನ್ನಿನ 'ಹೆಲ್ಪ್ ದಿ ಏಜ್ಡ್' ಎಂಬ ವೃದ್ಧರ ಸೇವಾಸಂಸ್ಥೆಯೂ ಒಂದಾಗಿತ್ತು. (ಈ ಸಂಸ್ಥೆ 2009ರಲ್ಲಿ ಇನ್ನೊಂದರೊಡನೆ ವಿಲೀನವಾಯಿತು.) ಮನುಷ್ಯರಲ್ಲಿ ದಾಖಲೆಯ ಆಯುಷ್ಯ ಫ್ರಾನ್ಸಿನ ಜ್ಯಾನ್ ಕಾಲ್ಮಾ ಎಂಬ ಮಹಿಳೆಯದು, 1875ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡ ಆಕೆ ಬಾಳಿದ್ದು 122 ವರ್ಷ. ಅದರ ನಾಲ್ಕು ಪಟ್ಟಿಗೂ ಮಿಗಿಲಾಗಿ ಒಂದು ಚಿಪ್ಪು ಬಾಳಿದ್ದು ಹೇಗೆ?

ದೇಹ ಸವೆಯುವುದಕ್ಕೆ ಒಂದು ಮುಖ್ಯ ಕಾರಣ, ಉಸಿರಾಟದಲ್ಲಿ ಜೀವಕೋಶಗಳೊಳಗೆ ಹುಟ್ಟುವ ಹಾನಿಕರ ಆಮ್ಲಜನಕ ಕಣಗಳು. ಉರಿಯುವ ಒಲೆಯಿಂದ ಅಡುಗೆಯೂ ಆಗುತ್ತದೆ, ಗೋಡೆಗೆ ಮಸಿಯೂ ಹಿಡಿಯುತ್ತದಲ್ಲ, ಹಾಗೆ. ಈ ಚಿಪ್ಪಿನ ಒಲೆ ಬಹಳ ಸಣ್ಣಗೆ ಉರಿಯುತ್ತದೆ. ಸಾಲದ್ದಕ್ಕೆ ಇದು ಆಗಾಗ ಕೆಸರಿನೊಳಕ್ಕೆ ಇನ್ನೂ ಆಳಕ್ಕಿಳಿದು, ಬಾಗಿಲು ಮುಚ್ಚಿಕೊಂಡು, ಕೆಲವು ದಿನ ಆಮ್ಲಜನಕದ ಹಂಗಿಲ್ಲದೆಯೇ ಇದ್ದುಬಿಡುತ್ತದೆ; ಆಗ ಒಲೆ ಬಹುತೇಕ ನಂದಿದಂತೆಯೇ. ಇದಲ್ಲದೆ ಇದರ ಜೀವಕೋಶಗಳ ಶಕ್ತಿಕೇಂದ್ರಗಳಾದ ಮೈಟೋಕಾಂಡ್ರಿಯಗಳ ಪೊರೆಯು ಸುಲಭವಾಗಿ ಕೆಡದ ಕೊಬ್ಬಿನಿಂದಾದದ್ದೆಂದು 2012ರಲ್ಲಿ ಕಂಡುಬಂದಿತು. ಇದರ ಪ್ರೋಟೀನುಗಳು ಅಲ್ಪಾಯುಷಿ ಚಿಪ್ಪುಗಳ ಪ್ರೋಟೀನುಗಳಿಗಿಂತ ಗಟ್ಟಿ, ಒತ್ತಡಕ್ಕೆ ಬೇಗ ಹದಗೆಡವು ಎಂದು 2014ರ ಅಧ್ಯಯನ ಹೇಳಿತು. ಯೌವನ ಕಳೆದ ಮೇಲೆ ಇದರ ಅಂಗಾಂಶಗಳ ರಕ್ಷಣಾಶಕ್ತಿ ಹೆಚ್ಚು ಕುಗ್ಗದೆ ನೂರಾರು ವರ್ಷ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಇದನ್ನು ವಿಜ್ಞಾನಿಗಳು 'ಕಾಣದಷ್ಟು ಮಂದವಾದ ಮುಪ್ಪು' ಎನ್ನುತ್ತಾರೆ.

ಹಾಗಾದರೆ ದೀರ್ಘಾಯುಷ್ಯ ಕುಲದಿಂದ ಬಂದ ವರವೇ? ಪೂರ್ತಿ ಹಾಗಲ್ಲ. ಇದೇ ಜಾತಿಯ ಚಿಪ್ಪುಗಳು ಬಾಲ್ಟಿಕ್ ಸಮುದ್ರದಲ್ಲೂ ಇವೆ. ಜರ್ಮನಿಯ ಕೀಲ್ ಕೊಲ್ಲಿಯಲ್ಲಿ ಅವು ಹೆಚ್ಚೆಂದರೆ ಸುಮಾರು 40 ವರ್ಷ ಬಾಳುತ್ತವೆ. ಅಲ್ಲಿನ ನೀರಿನಲ್ಲಿ ಉಪ್ಪು ಕಡಿಮೆ, ಬಿಸಿ ತಣಿವುಗಳ ಏರಿಳಿತ ಹೆಚ್ಚು. ಒಂದೇ ಕುಲದಲ್ಲಿ ಹುಟ್ಟಿ, ಒಂದೆಡೆ 40, ಇನ್ನೊಂದೆಡೆ 507! ಮೂವತ್ತಕ್ಕೂ ಹೆಚ್ಚು ವರ್ಷ ಬಗೆಬಗೆಯ ಮನೆಗಳಿಂದ ಬಂದ ಮಕ್ಕಳನ್ನು ಕಂಡ ನನಗೆ ಈ ವಾಕ್ಯವನ್ನು ಓದಿ ಮುಂದಕ್ಕೆ ಹೋಗುವುದು ಕಷ್ಟವಾಯಿತು. ಬುದ್ಧಿಯಲ್ಲಿ ಸರಿಸಮಾನರಾದ ಇಬ್ಬರಲ್ಲಿ ಒಬ್ಬ ಎಲ್ಲಿಗೋ ಮುಟ್ಟಿದ, ಇನ್ನೊಬ್ಬ ಹತ್ತನೆಯ ತರಗತಿಯ ಶುಲ್ಕಕ್ಕೂ ಹಣವಿಲ್ಲದೆ ಅಲ್ಲಿಗೇ ನಿಂತ. ನೀರಿನ ವ್ಯತ್ಯಾಸ.

ಇದನ್ನು ಓದಿ ನಾವು ಮುದುಕರೂ ಬಾಗಿಲು ಹಾಕಿಕೊಂಡು ಸುಮ್ಮನೆ ಕುಳಿತರೆ ನೂರು ದಾಟುವೆವೆಂದು ಯಾರೂ ಭಾವಿಸಬೇಡಿ. ಚಿಪ್ಪಿನ ಧರ್ಮ ಚಿಪ್ಪಿಗೆ. ಕಾಲುಗಳಿರುವ ಪ್ರಾಣಿ ನಡೆಯಲೇಬೇಕು; ವೈದ್ಯರು ಹೇಳಿದ ನಡಿಗೆಯನ್ನು ಬಿಡಬೇಡಿ.

2013ರಲ್ಲಿ 507ರ ಸುದ್ದಿ ಹರಡಿದಾಗ ಲೋಕದಲ್ಲಿ ದೊಡ್ಡ ಗುಲ್ಲೆದ್ದಿತು. "ಜಗತ್ತಿನ ಅತ್ಯಂತ ಹಿರಿಯ ಜೀವಿಯನ್ನು, ವಯಸ್ಸು ತಿಳಿಯುವ ಚಪಲಕ್ಕಾಗಿ ವಿಜ್ಞಾನಿಗಳು ಕೊಂದರು" ಎಂದು ಪತ್ರಿಕೆಗಳು ಬರೆದವು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾರೆ. ಇಂಥದ್ದೇ ಒಂದು ಪ್ರಸಂಗ ಅದಕ್ಕೂ ಹಿಂದೆ ನಡೆದಿತ್ತು. 1964ರಲ್ಲಿ ಅಮೆರಿಕದ ನೆವಾಡಾ ರಾಜ್ಯದ ಪರ್ವತವೊಂದರಲ್ಲಿ ಡೊನಾಲ್ಡ್ ಕರಿ ಎಂಬ ಸಂಶೋಧಕ ವಿದ್ಯಾರ್ಥಿ, ಅರಣ್ಯ ಇಲಾಖೆಯ ಅನುಮತಿ ಪಡೆದೇ, ಬ್ರಿಸಲ್‌ಕೋನ್ ಪೈನ್ ಜಾತಿಯ ಮರವೊಂದನ್ನು ಕಡಿಸಿದನು. ಉಂಗುರ ಎಣಿಸಿದರೆ 4,800ಕ್ಕೂ ಮಿಕ್ಕಿತು. ಅಲ್ಲಿಯವರೆಗೆ ತಿಳಿದಿದ್ದ ಮರಗಳಲ್ಲೆಲ್ಲ ಅದೇ ಹಿರಿಯದು. ಪ್ರೊಮೀಥಿಯಸ್ ಎಂಬ ಹೆಸರಿನ ಆ ಮರದ ಸಾವು ಅಲ್ಲಿನ ಜನರನ್ನು ನಾಚಿಸಿತು. ಆ ಪ್ರದೇಶವನ್ನು ರಕ್ಷಿಸಬೇಕೆಂಬ ಕೂಗಿಗೆ ಬಲ ಬಂದು, 1986ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು.

ಮರವಾದರೂ ನೋಡಿದೊಡನೆ ಹಳೆಯದೆಂದು ತಿಳಿಯುತ್ತದೆ. ಚಿಪ್ಪು ಹಾಗಲ್ಲ. ನೂರು ವರ್ಷದ್ದೂ ಐನೂರು ವರ್ಷದ್ದೂ ಗಾತ್ರದಲ್ಲಿ ಹೆಚ್ಚು ಭೇದವಿಲ್ಲದೆ ಕಾಣುತ್ತವೆ. ಕೊಯ್ಯದೆ ವಯಸ್ಸು ತಿಳಿಯದು. ಅಲ್ಲದೆ ಅಮೆರಿಕದಲ್ಲಿ 1970ರ ದಶಕದಿಂದ ಇದೇ ಜಾತಿಯನ್ನು ಹಡಗುಗಟ್ಟಲೆ ಬಾಚಿ 'ಚೌಡರ್' ಎಂಬ ಗಟ್ಟಿ ಸಾರಿಗೆ ಹಾಕುತ್ತಾ ಬಂದಿದ್ದಾರೆ. ಅಲ್ಲಿನ ನೀರಿನಲ್ಲೂ 200 ದಾಟಿದವು ಸಿಕ್ಕಿವೆ. ಅಂದರೆ ತಮ್ಮ ರಾಷ್ಟ್ರಕ್ಕಿಂತ ಹಿರಿಯ ಜೀವವನ್ನು ಎಷ್ಟು ಮಂದಿ ಬಟ್ಟಲಿಗೆ ಹಾಕಿಕೊಂಡು ಉಂಡರೋ! ಅವುಗಳಿಗೆ ಹೆಸರಿರಲಿಲ್ಲ, ಆದ್ದರಿಂದ ಅಳುವವರೂ ಇರಲಿಲ್ಲ. ಹೆಸರಿಟ್ಟ ಒಂದಕ್ಕೆ ಕಣ್ಣೀರು, ಹೆಸರಿಲ್ಲದ ಲಕ್ಷಕ್ಕೆ ಮೌನ. ಇದು ಚರಿತ್ರೆಯ ಪುಟಗಳಲ್ಲೂ ನಾವು ಮತ್ತೆ ಮತ್ತೆ ಕಾಣುವ ಅನ್ಯಾಯವೇ ಆಗಿದೆ. ವಿಜ್ಞಾನಿಗಳನ್ನು ನಾನು ಅಪರಾಧಿಗಳೆನ್ನಲಾರೆ. ಆದರೆ ಈಗ ಇವುಗಳ ವಯಸ್ಸು ನಮಗೆ ತಿಳಿದಿದೆ; ಇನ್ನು ಮುಂದೆ ತಳವನ್ನು ಗೋರುವವರಿಗೆ ತಿಳಿದಿರಲಿಲ್ಲವೆಂಬ ನೆಪ ಸಲ್ಲದು.

ಒಂದು ಸಮಾಧಾನವೂ ಇದೆ. ಕಡಲ ತಳದಲ್ಲಿರುವ ಅಸಂಖ್ಯ ಚಿಪ್ಪುಗಳಲ್ಲಿ ಕೈಗೆ ಸಿಕ್ಕಿದ ಕೆಲವೇ ಚಿಪ್ಪುಗಳ ನಡುವೆ ಜಗತ್ತಿನ ಅತಿ ಹಿರಿಯದೇ ಬಂದಿರುವ ಸಂಭವ ಬಹಳ ಕಡಿಮೆ. 1868ರಲ್ಲಿ ಐಸ್‌ಲ್ಯಾಂಡಿನ ಬಳಿ ಹಿಡಿದು ಜರ್ಮನಿಯಲ್ಲಿ ಉಳಿಸಿಟ್ಟಿದ್ದ ಒಂದು ಚಿಪ್ಪಿನ ಗೆರೆಗಳನ್ನು 2005ರ ಸುಮಾರಿಗೆ ಎಣಿಸಿದಾಗ 374 ಬಂದಿತು. ಲೆಕ್ಕ ಹಾಕಿ ನೋಡಿ, ಅದೂ ಮಿಂಗ್‌ನ ಓರಗೆಯದೇ! ಆದುದರಿಂದ ಮಿಂಗ್‌ಗಿಂತ ಹಿರಿಯವು ಆ ತಣ್ಣೀರಿನಲ್ಲಿ ಇಂದಿಗೂ ಉಸಿರಾಡುತ್ತಿರಬಹುದೆಂದು ನಂಬಲು ಅಡ್ಡಿಯಿಲ್ಲ.

ಕೊನೆಯದಾಗಿ ನಿಮಗೊಂದು ಮನೆಗೆಲಸ. ಮೇಷ್ಟರ ಅಭ್ಯಾಸ ಬಿಡುವುದಿಲ್ಲ ನೋಡಿ. ಚಿಪ್ಪಿಗೆ ತನ್ನ ಬಾಳಿನ ದಾಖಲೆಯನ್ನು ಮೈಮೇಲೇ ಬರೆದುಕೊಳ್ಳುವ ಶಕ್ತಿಯಿದೆ. ಸತ್ತು ಸಾವಿರ ವರ್ಷವಾದರೂ ಓದಿಕೊಳ್ಳಬಹುದು. ಮನುಷ್ಯನಿಗೆ ಆ ಭಾಗ್ಯವಿಲ್ಲ. ಅವನ ಗೆರೆಗಳೆಲ್ಲ ನೆನಪಿನಲ್ಲಿ. ಅವು ಅವನೊಡನೆಯೇ ಹೋಗುತ್ತವೆ. ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದವರು ಯಾರಾದರೂ ಇದ್ದರೆ, ಮುಂದಿನ ಸಲ ಊರಿಗೆ ಹೋದಾಗ ಅವರ ಬಳಿ ಕುಳಿತು ಕೇಳಿರಿ: ಯಾವ ವರ್ಷ ಬರ ಬಂದಿತ್ತು, ಯಾವ ವರ್ಷ ಊರಿಗೆ ದೀಪ ಬಂತು, ಯಾರು ಹುಟ್ಟಿದಾಗ ಮನೆಯ ಮುಂದಿನ ತೆಂಗಿನ ಸಸಿ ನೆಟ್ಟರು. ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ಇಸವಿ ತಪ್ಪಿದರೆ ಚಿಂತೆಯಿಲ್ಲ. ಪಕ್ಕದ ಮನೆಯ ಅಜ್ಜಿಯನ್ನೂ ಕೇಳಿ ಹೊಂದಿಸಿ ನೋಡಿದರೆ ಸರಿಹೋಗುತ್ತದೆ.

ಎಲ್ಲರಿಗೂ ಶುಭವಾಗಲಿ.